ನಂಪೆರುಮಾಳರ 48 ವರ್ಷಗಳ ಪ್ರವಾಸ: ಶ್ರೀರಂಗದ ಐತಿಹ್ಯದಲ್ಲಿ ಕಲ್ಲು ಹೇಳುವುದೆಷ್ಟು, ಸಂಪ್ರದಾಯ ಹೇಳುವುದೆಷ್ಟು?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಕಾವೇರಿ ಮತ್ತು ಕೊಳ್ಳಿಡಂ ನದಿಗಳ ನಡುವಿನ ನಡುಗಡ್ಡೆಯಾದ ಶ್ರೀರಂಗದ ಅಂತ್ಯರಂಗ, ಈ ಮೂರನ್ನೂ ಒಟ್ಟಿಗೇ ನೆನೆಯುವ ರೂಢಿ ನಮ್ಮ ಕಡೆ ಇರುವುದರಿಂದ ಶ್ರೀರಂಗದ ಸ್ಥಳಪುರಾಣ ಇಲ್ಲಿನ ಬಹಳ ಮಂದಿಗೆ ತಿಳಿದೇ ಇರುತ್ತದೆ. ಬ್ರಹ್ಮನಿಂದ ಇಕ್ಷ್ವಾಕುವಿಗೆ ಬಂದ ರಂಗವಿಮಾನವನ್ನು ಶ್ರೀರಾಮನು ಪಟ್ಟಾಭಿಷೇಕದ ನಂತರ ವಿಭೀಷಣನಿಗೆ ಕೊಟ್ಟದ್ದು, ಲಂಕೆಗೆ ಹೊರಟ ವಿಭೀಷಣನು ಅದನ್ನು ಕಾವೇರಿಯ ದಡದಲ್ಲಿ ಇಳಿಸಿದ್ದು, ಮತ್ತೆ ಎತ್ತಲು ಹೋದರೆ ಅದು ಅಲುಗದೇ ಹೋದದ್ದು, ದುಃಖಿಸಿದ ಭಕ್ತನಿಗೆ ಭಗವಂತನು ಲಂಕೆ ಇರುವ ದಕ್ಷಿಣ ದಿಕ್ಕಿಗೆ ಮುಖ ಮಾಡಿ ಮಲಗುವೆನೆಂದು ಮಾತು ಕೊಟ್ಟದ್ದು, ಧರ್ಮವರ್ಮನೆಂಬ ಚೋಳ ಅರಸನು ಅಲ್ಲಿಯೇ ಗುಡಿ ಕಟ್ಟಿಸಿದ್ದು, ಇವೆಲ್ಲ ಪುರಾಣದ ಮಾತು. ಅದನ್ನು ಪುರಾಣವಾಗಿಯೇ ಸ್ವೀಕರಿಸುವುದರಲ್ಲಿ ನನಗೆ ಯಾವ ತೊಡಕೂ ಇಲ್ಲ.

ನನ್ನ ಪ್ರಶ್ನೆ 14ನೆಯ ಶತಮಾನದ ಕಥೆಯನ್ನು ಕುರಿತದ್ದು. 1323ರ ದೆಹಲಿ ಸೈನ್ಯದ ದಾಳಿಯ ವೇಳೆ ಶ್ರೀರಂಗದ ಉತ್ಸವಮೂರ್ತಿಯಾದ ನಂಪೆರುಮಾಳರನ್ನು ಭಕ್ತರು ಹೊತ್ತೊಯ್ದರೆಂದೂ, ಆ ಮೂರ್ತಿ ಊರೂರು ಅಲೆದು ನಮ್ಮ ಮೇಲುಕೋಟೆಯಲ್ಲಿಯೂ ಕೆಲಕಾಲ ಇದ್ದು, ಕೊನೆಗೆ 1371ರಲ್ಲಿ ಮರಳಿ ಸ್ವಸ್ಥಾನ ಸೇರಿತೆಂದೂ ಹೇಳುತ್ತಾರೆ. ಇದು ಕಾಲನಿರ್ದೇಶವಿರುವ, ರಾಜರ ಹೆಸರುಗಳಿರುವ ಕಥೆ. ಇದರಲ್ಲಿ ಶಾಸನದ ಬೆಂಬಲವಿರುವ ಭಾಗ ಯಾವುದು, ಗುರುಪರಂಪರೆಯ ಗ್ರಂಥಗಳಿಂದ ಮಾತ್ರ ತಿಳಿದುಬರುವ ಭಾಗ ಯಾವುದು ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಶಾಸನಾಸಕ್ತ

ಕಾವೇರಿತೀರ ಅವರೇ, ಶ್ರೀರಂಗದ ಗೋಡೆಗಳ ಮೇಲೆ ಆರುನೂರಕ್ಕೂ ಹೆಚ್ಚು ಶಾಸನಗಳಿದ್ದು, ಅವುಗಳಲ್ಲಿ ಹಳೆಯವು 10ನೆಯ ಶತಮಾನದ ಒಂದನೆಯ ಪರಾಂತಕ ಚೋಳನ ಕಾಲಕ್ಕೆ ಹೋಗುತ್ತವೆ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಗೋಪಣಾರ್ಯನ ಸಂಸ್ಕೃತ ಶಾಸನ. ಅದರಲ್ಲಿರುವುದು ಎರಡೇ ಶ್ಲೋಕ. ಹುಲ್ಷ್ ಅವರು ಅದನ್ನು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಗೋಪಣಾರ್ಯನು ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಕುಮಾರ ಕಂಪಣನ ಅಧಿಕಾರಿ. ತಮಿಳುನಾಡಿನ ಚೆಂಜಿಯಲ್ಲಿದ್ದುಕೊಂಡು ಆಡಳಿತ ನಡೆಸುತ್ತಿದ್ದವನು.

ಶಾಸನದ ತೇದಿಯನ್ನು ಅಂಕಿಯಲ್ಲಿ ಬರೆದಿಲ್ಲ, ‘ಬಂಧುಪ್ರಿಯೇ ಶಕಾಬ್ದೇ’ ಎಂದು, ಅಕ್ಷರಗಳಿಂದ ಅಂಕಿಗಳನ್ನು ಸೂಚಿಸುವ ಕಟಪಯಾದಿ ಕ್ರಮದಲ್ಲಿ ಹೇಳಿದೆ. ಈ ಕ್ರಮದಲ್ಲಿ ಬಕಾರಕ್ಕೆ 3, ಧಕಾರಕ್ಕೆ 9, ‘ಪ್ರಿ’ ಎಂಬ ಒತ್ತಕ್ಷರದಲ್ಲಿ ಕೊನೆಯ ವ್ಯಂಜನವಾದ ರೇಫಕ್ಕೆ 2, ಯಕಾರಕ್ಕೆ 1. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿಕೊಂಡರೆ 1293 ಬರುತ್ತದೆ. ಶಕ 1293 ಎಂದರೆ ಕ್ರಿಸ್ತಶಕ 1371-72. ಸಂಪ್ರದಾಯ ಹೇಳುವ ವರ್ಷವೂ ಇದೇ ಆಗಿರುವುದರಿಂದ ಮೂರ್ತಿ ಹಿಂದಿರುಗಿದ ಕಾಲದ ಬಗ್ಗೆ ಸಂಶಯ ಉಳಿಯುವುದಿಲ್ಲ.

ಶ್ಲೋಕಗಳ ಸಾರ ಇಷ್ಟು: ಕೀರ್ತಿವಂತನಾದ ಗೋಪಣನು ರಂಗನಾಥನನ್ನು ಅಂಜನಾದ್ರಿಯಿಂದ, ಅಂದರೆ ತಿರುಮಲೆಯಿಂದ ಕರೆತಂದು, ಕೆಲಕಾಲ ಚೆಂಜಿಯಲ್ಲಿ ಪೂಜಿಸಿ, ಕೈಯಲ್ಲಿ ಬಿಲ್ಲು ಹಿಡಿದಿದ್ದ ತುಲುಷ್ಕರನ್ನು, ಅಂದರೆ ತುರುಕರನ್ನು ನಿಗ್ರಹಿಸಿ, ಲಕ್ಷ್ಮೀ ಮತ್ತು ಭೂದೇವಿಯರೊಡನೆ ಸ್ವಾಮಿಯನ್ನು ಶ್ರೀರಂಗದಲ್ಲಿ ಪ್ರತಿಷ್ಠಾಪಿಸಿ ಪೂಜೆ ನಡೆಸಿದನು. ಇಲ್ಲಿ ಎರಡೇ ಸ್ಥಳಗಳ ಹೆಸರು ಬಂದಿದೆ, ತಿರುಮಲೆ ಮತ್ತು ಚೆಂಜಿ. ಮೇಲುಕೋಟೆಯ ಹೆಸರಾಗಲಿ, ಮಧುರೆಯ ಸುತ್ತಿನ ಊರುಗಳ ಹೆಸರಾಗಲಿ, ಮಲಯಾಳ ದೇಶದ ಹೆಸರಾಗಲಿ ಇಲ್ಲ. ಆದುದರಿಂದ ಪ್ರವಾಸದ ಕೊನೆಯ ಎರಡು ತಂಗುದಾಣಗಳು ಶಾಸನಸಿದ್ಧವೆಂದೂ ಅದಕ್ಕೆ ಮುಂಚಿನ ದಾರಿ ಸಂಪ್ರದಾಯಸಿದ್ಧವೆಂದೂ ಬೇರ್ಪಡಿಸಿ ಹೇಳುವುದು ಸರಿಯೆಂದು ನನ್ನ ಅಭಿಪ್ರಾಯ. ಆ ದಾರಿಯನ್ನು ವಿವರಿಸುವ ‘ಕೋಯಿಲ್ ಒಳುಗು’ ಎಂಬ ದೇವಾಲಯದ ಕೈಫಿಯತ್ತು ಹಲವು ಕಾಲದ ಕೈಗಳಲ್ಲಿ ಬೆಳೆದು ಬಂದದ್ದು. ಅದರಲ್ಲಿ ಘಟನೆಗಳ ಹಿಂದುಮುಂದು ಆಗಾಗ ತಪ್ಪುತ್ತದೆ.

ಪ್ರಬಂಧಾಭಿಮಾನಿ

ಶಾಸನಾಸಕ್ತ ಅವರು ಹಾಕಿರುವ ಗೆರೆಯನ್ನು ಒಪ್ಪುತ್ತೇನೆ. ಆದರೆ ಆ ಗೆರೆಯ ಆಚೆ ಇರುವುದೆಲ್ಲವೂ ಸಂಶಯಾಸ್ಪದ ಎಂಬ ತೀರ್ಮಾನಕ್ಕೆ ಯಾರೂ ಹೋಗಬಾರದು. ಗೋಪಣಾರ್ಯನ ಶ್ಲೋಕಗಳು ಪ್ರತಿಷ್ಠೆ ಮಾಡಿಸಿದವನ ಪ್ರಶಸ್ತಿ. ಅವನು ಪಾಲುಗೊಂಡ ಭಾಗವನ್ನಷ್ಟೇ ಅವು ಹೇಳುತ್ತವೆ. ಮೂರ್ತಿಯನ್ನು ಕಾಡು ಮೇಡುಗಳಲ್ಲಿ ಬಚ್ಚಿಟ್ಟುಕೊಂಡು ಅಲೆಯುತ್ತಿದ್ದವರು ತಾವು ಅಡಗಿರುವ ಜಾಗವನ್ನು ಕಲ್ಲಿನಲ್ಲಿ ಕೆತ್ತಿಸಿಡುವುದುಂಟೇ?

ಸಂಪ್ರದಾಯ ಹೇಳುವ ದಾರಿಯನ್ನು ಇಲ್ಲಿ ಕೊಡುತ್ತೇನೆ. ದಾಳಿಯ ಸುದ್ದಿ ಬಂದಾಗ ಗರ್ಭಗುಡಿಯ ಮೂಲಮೂರ್ತಿಯಾದ ಪೆರಿಯ ಪೆರುಮಾಳರ ಮುಂದೆ ಗೋಡೆ ಎಬ್ಬಿಸಿ ಮರೆಮಾಡಲಾಯಿತು, ದೇವಿಯಾದ ತಾಯಾರ್ ಮೂರ್ತಿಯನ್ನು ಬಿಲ್ವವೃಕ್ಷದ ಕೆಳಗೆ ಹೂಳಲಾಯಿತು. ಅಷ್ಟಾಕ್ಷರಿ, ದ್ವಯಮಂತ್ರ, ಚರಮಶ್ಲೋಕಗಳ ರಹಸ್ಯಾರ್ಥವನ್ನು ತಮಿಳಿನಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದ ವೃದ್ಧ ಆಚಾರ್ಯರಾದ ಪಿಳ್ಳೈ ಲೋಕಾಚಾರ್ಯರು ಉತ್ಸವಮೂರ್ತಿಯೊಡನೆ ದಕ್ಷಿಣಕ್ಕೆ ಹೊರಟು, ಮಧುರೆಯ ಸಮೀಪದ ಜ್ಯೋತಿಷ್ಕುಡಿಯಲ್ಲಿ ದೇಹ ಬಿಟ್ಟರು. ಅಲ್ಲಿಂದ ಮೂರ್ತಿ ತಿರುಮಾಲಿರುಂಜೋಲೈಗೂ, ಮುಂದೆ ಘಟ್ಟ ದಾಟಿ ಕೋಳಿಕ್ಕೋಡಿಗೂ ಹೋಯಿತು. ತಮ್ಮ ಊರಿನಿಂದ ಹೀಗೆಯೇ ಹೊರಬಿದ್ದಿದ್ದ ಆಳ್ವಾರರಲ್ಲಿ ಪ್ರಮುಖರಾದ ನಮ್ಮಾಳ್ವಾರರ ವಿಗ್ರಹ ಅಲ್ಲಿ ಜೊತೆಯಾಯಿತು. ಅಲ್ಲಿಂದ ಮುಂದೆ ಬರುವ ತಿರುಕ್ಕಣಾಂಬಿ ಎಂಬುದು ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ತೆರಕಣಾಂಬಿ. ನಮ್ಮಾಳ್ವಾರರು ಅಲ್ಲಿಯೇ ಉಳಿದರು, ನಂಪೆರುಮಾಳರು ತಿರುನಾರಾಯಣಪುರಕ್ಕೆ, ಎಂದರೆ ಮೇಲುಕೋಟೆಗೆ ಬಂದರು. ಮೇಲುಕೋಟೆಯಿಂದ ತಿರುಮಲೆಗೆ, ತಿರುಮಲೆಯಿಂದ ಚೆಂಜಿಗೆ, ಚೆಂಜಿಯಿಂದ ಶ್ರೀರಂಗಕ್ಕೆ. 1323ರಿಂದ 1371ರ ತನಕ ಲೆಕ್ಕ ಹಾಕಿದರೆ 48 ವರ್ಷ.

ಕನ್ನಡ ನಾಡಿನ ಇನ್ನೊಂದು ಊರನ್ನು ಇಲ್ಲಿ ಮರೆಯುವಂತಿಲ್ಲ. ಶ್ರೀರಂಗದ ಹತ್ಯಾಕಾಂಡದಲ್ಲಿ ಹೆಣಗಳ ರಾಶಿಯ ನಡುವೆ ಅಡಗಿ ಉಳಿದ ವೇದಾಂತ ದೇಶಿಕರು, ಸುದರ್ಶನ ಸೂರಿಗಳು ತಮ್ಮ ಕೈಗೊಪ್ಪಿಸಿದ್ದ ‘ಶ್ರುತಪ್ರಕಾಶಿಕೆ’ಯ ಓಲೆಗಳನ್ನೂ ಅವರ ಇಬ್ಬರು ಎಳೆಯ ಮಕ್ಕಳನ್ನೂ ಕಾಪಾಡಿಕೊಂಡು ಕೊಳ್ಳೇಗಾಲದ ಬಳಿಯ ಸತ್ಯಗಾಲವನ್ನು ಸೇರಿದರು ಎಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಶ್ರೀರಂಗದ ಭಯ ನೀಗಲೆಂದು ಅವರು ‘ಅಭೀತಿಸ್ತವ’ವನ್ನು ರಚಿಸಿದ್ದು ಸತ್ಯಗಾಲದಲ್ಲಿ. ರಾಮಾನುಜರ ಶ್ರೀಭಾಷ್ಯಕ್ಕೆ ಇರುವ ಆ ಮಹಾವ್ಯಾಖ್ಯಾನ ಇಂದು ಓದಲು ಸಿಗುತ್ತಿರುವುದಕ್ಕೆ ಮಧ್ಯರಂಗದ ನೆರೆಯ ಒಂದು ಹಳ್ಳಿ ಆಶ್ರಯ ಕೊಟ್ಟದ್ದು ಕಾರಣ ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಮಂಡ್ಯದ ಓದುಗ

ಮೇಲುಕೋಟೆಯ ಮಾತು ಬಂದುದರಿಂದ ಕೇಳುತ್ತಿದ್ದೇನೆ. ನಮ್ಮ ಚೆಲುವನಾರಾಯಣನ ಉತ್ಸವಮೂರ್ತಿಯಾದ ರಾಮಪ್ರಿಯನನ್ನು ರಾಮಾನುಜರು ದೆಹಲಿಯ ಬಾದಶಹನ ಅರಮನೆಯಿಂದ ತಂದರು, ಮೂರ್ತಿಯನ್ನು ಅಗಲಲಾರದ ಬಾದಶಹನ ಮಗಳು ಹಿಂಬಾಲಿಸಿ ಬಂದು ಸ್ವಾಮಿಯಲ್ಲಿ ಐಕ್ಯಳಾದಳು ಎಂಬ ಕಥೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಬೀಬಿ ನಾಚ್ಚಿಯಾರ್ ಎಂದು ಆಕೆಯನ್ನು ಸ್ವಾಮಿಯ ಪಾದದ ಬಳಿ ಪೂಜಿಸುವುದೂ ನಡೆದು ಬಂದಿದೆ. ಶ್ರೀರಂಗದಲ್ಲಿಯೂ ಇದೇ ಕಥೆ ಇದೆಯೆಂದು ಕೇಳಿದ್ದೇನೆ. ಹಾಗಿದ್ದರೆ ಯಾವುದು ಮೊದಲು?

ತಿರುಚ್ಚಿಯ ಕನ್ನಡತಿ

ಮದುವೆಯಾದ ಮೇಲೆ ತಿರುಚ್ಚಿರಾಪಳ್ಳಿಯಲ್ಲಿಯೇ ನೆಲೆಸಿರುವುದರಿಂದ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಶ್ರೀರಂಗದಲ್ಲಿ ಆಕೆಯನ್ನು ತುಲುಕ್ಕ ನಾಚ್ಚಿಯಾರ್ ಎನ್ನುತ್ತಾರೆ. ಒಳಗಿನ ಪ್ರಾಕಾರದಲ್ಲಿ ಅರ್ಜುನ ಮಂಟಪದ ಮೂಲೆಯಲ್ಲಿ ಆಕೆಯ ಸನ್ನಿಧಿಯಿದೆ. ಅಲ್ಲಿ ವಿಗ್ರಹವಿಲ್ಲ, ಗೋಡೆಯ ಮೇಲೆ ಬರೆದ ಚಿತ್ರಕ್ಕೇ ಪೂಜೆ. ನೈವೇದ್ಯಕ್ಕೆ ಪೊಂಗಲ್, ದೋಸೆಗಳನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ಗೋಧಿಯ ರೊಟ್ಟಿ, ಬೆಣ್ಣೆ ಮತ್ತು ಸಿಹಿ ಹಾಲು ಕಾಣಸಿಗುತ್ತವೆ, ಏಕೆಂದರೆ ಮನೆಮಗಳಿಗೆ ತವರಿನ ಊಟವನ್ನೇ ಬಡಿಸಬೇಕೆಂಬುದು ಇಲ್ಲಿನವರ ಭಾವ. ಕೆಲವು ತಿರುಮಂಜನಗಳ, ಅಂದರೆ ಅಭಿಷೇಕಗಳ ಸಂದರ್ಭದಲ್ಲಿ ಸ್ವಾಮಿಗೆ ಕೈಲಿಯನ್ನು, ನಾವು ಲುಂಗಿ ಎನ್ನುವ ಬಟ್ಟೆಯನ್ನು ಉಡಿಸುವುದೂ ಆಕೆಯ ನೆನಪಿಗೇ. ಮಾರ್ಗಳಿ ಮಾಸದ ಅಧ್ಯಯನೋತ್ಸವದ ಹಗಲು ಹತ್ತು ದಿನಗಳಲ್ಲಿ ನಂಪೆರುಮಾಳರು ಬಿಜಯಮಾಡಿಸಿ ದಿವ್ಯಪ್ರಬಂಧವನ್ನು ಹಾಡಿ ಅಭಿನಯಿಸುವ ಅರೈಯರ್ ಸೇವೆಯನ್ನು ಆಲಿಸುವುದು ಇದೇ ಅರ್ಜುನ ಮಂಟಪದಲ್ಲಿ.

ಇಲ್ಲಿನ ಕಥೆಯಲ್ಲಿ ರಾಮಾನುಜರು ಬರುವುದಿಲ್ಲ. ಕರಂಬನೂರಿನ ಒಬ್ಬ ಹೆಂಗಸು ಬರುತ್ತಾಳೆ. ದಿನವೂ ಪೆರುಮಾಳರನ್ನು ಕಾಣದೆ ಊಟ ಮಾಡದವಳಾದ ಆಕೆ, ಮೂರ್ತಿಯನ್ನು ಕೊಳ್ಳೆಹೊಡೆದು ಒಯ್ಯುತ್ತಿದ್ದ ಸೈನ್ಯದ ಹಿಂದೆಯೇ ದೆಹಲಿಯ ತನಕ ನಡೆದು, ಮೂರ್ತಿ ಅಲ್ಲಿ ಸುಲ್ತಾನನ ಮಗಳ ಬಳಿ ಇರುವುದನ್ನು ತಿಳಿದುಕೊಂಡು, ಮರಳಿ ಬಂದು ಗುಡಿಯವರಿಗೆ ತಿಳಿಸುತ್ತಾಳೆ. ‘ಹಿಂದೆ ಹೋದವಳು’ ಎಂಬ ಅರ್ಥದ ಪಿನ್‌ಚೆನ್ರವಲ್ಲಿ ಎಂಬ ಹೆಸರು ಆಕೆಗೆ ಬಂದದ್ದು ಹಾಗೆ. ಅನಂತರ ಅರವತ್ತು ಮಂದಿ ಗುಡಿಯ ಕೆಲಸದವರು, ಆಡುವವರು ಹಾಡುವವರು ಆಕೆಯೊಡನೆ ದೆಹಲಿಗೆ ಹೋಗಿ, ಸುಲ್ತಾನನ ಎದುರು ಜಕ್ಕಿಣಿ ಕುಣಿತವನ್ನು ಪ್ರದರ್ಶಿಸಿ, ಮೆಚ್ಚಿದ ಅವನಿಂದ ಮೂರ್ತಿಯನ್ನೇ ಬಹುಮಾನವಾಗಿ ಬೇಡಿ ತರುತ್ತಾರೆ. ಎಚ್ಚರವಾದಾಗ ಮೂರ್ತಿ ಇಲ್ಲದ್ದನ್ನು ಕಂಡ ಸುಲ್ತಾನನ ಮಗಳು ಶ್ರೀರಂಗಕ್ಕೆ ಓಡಿ ಬಂದು ಪ್ರಾಣ ಬಿಡುತ್ತಾಳೆ. ಈ ಕಥೆಯಲ್ಲಿ ಮೂರ್ತಿಯನ್ನು ಬಿಡಿಸಿ ತಂದವರು ಅರಸರೂ ಅಲ್ಲ, ಆಚಾರ್ಯರೂ ಅಲ್ಲ, ಗುಡಿಯ ಸಾಮಾನ್ಯ ಸೇವಕರು. ನನಗೆ ಇದು ಬಹಳ ಮುಖ್ಯವೆನಿಸುತ್ತದೆ.

ಶಾಸನಾಸಕ್ತ

ಮಂಡ್ಯದ ಓದುಗರು ಕೇಳಿದ ‘ಯಾವುದು ಮೊದಲು’ ಎಂಬ ಪ್ರಶ್ನೆಗೆ ಕಾಲಗಣನೆಯೇ ಒಂದಿಷ್ಟು ಉತ್ತರ ಕೊಡುತ್ತದೆ. ಸಂಪ್ರದಾಯದ ಪ್ರಕಾರ ರಾಮಾನುಜರ ಕಾಲ 1017ರಿಂದ 1137. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ರಾಮಾನುಜರು ಇದ್ದ ಕಾಲದಲ್ಲಿ ದೆಹಲಿಯಲ್ಲಿ ಬಾದಶಹನೇ ಇರಲಿಲ್ಲವಾದ್ದರಿಂದ ಮೇಲುಕೋಟೆಯ ಕಥೆ ಈಗಿರುವ ರೂಪದಲ್ಲಿ 12ನೆಯ ಶತಮಾನದ್ದಾಗಿರಲು ಸಾಧ್ಯವಿಲ್ಲ. ಶ್ರೀರಂಗದ ಕಥೆಯ ಹಿನ್ನೆಲೆಯಾದ ಮಲಿಕ್ ಕಾಫೂರನ ದಕ್ಷಿಣ ದಂಡಯಾತ್ರೆಯಾದರೋ 1311ರ ವಾಸ್ತವ ಘಟನೆ. ನಂಪೆರುಮಾಳರೊಡನೆ ಬಂದ ಶ್ರೀರಂಗದವರು ಮೇಲುಕೋಟೆಯಲ್ಲಿ ತಂಗಿದ್ದಾಗ ತಮ್ಮ ನೆನಪುಗಳನ್ನು ಅಲ್ಲಿನವರೊಡನೆ ಹಂಚಿಕೊಂಡಿರಬೇಕು, ಆ ನೆನಪು ಮುಂದೆ ಅಲ್ಲಿನ ಮಹಾಪುರುಷರಾದ ರಾಮಾನುಜರ ಸುತ್ತ ಹೆಣೆದುಕೊಂಡಿರಬೇಕು ಎಂದು ಊಹಿಸುವುದು ನನಗೆ ಸಹಜವಾಗಿ ಕಾಣುತ್ತದೆ. ಊಹೆಯನ್ನು ಊಹೆಯೆಂದೇ ತೆಗೆದುಕೊಳ್ಳಬೇಕೆಂದು ವಿನಂತಿ.

ಮಂಡ್ಯದ ಓದುಗ

ನಿಮ್ಮ ಊಹೆ ಸರಿಯಾಗಿದ್ದ ಪಕ್ಷದಲ್ಲಿ, ಮೇಲುಕೋಟೆಯಲ್ಲಿ ನಂಪೆರುಮಾಳರು ತಂಗಿದ್ದರೆಂಬುದಕ್ಕೆ ಬೀಬಿ ನಾಚ್ಚಿಯಾರರ ಪೂಜೆಯೇ ಒಂದು ಪೋಷಕ ಸಾಕ್ಷಿಯಾಗುವುದಿಲ್ಲವೇ? ಕಲ್ಲಿನಲ್ಲಿ ಇಲ್ಲದ್ದು ಆರಾಧನೆಯ ಕ್ರಮದಲ್ಲಿ ಉಳಿದುಕೊಂಡಿದೆ ಎಂದಾಯಿತು.

ಶಾಸನಾಸಕ್ತ

ಎರಡು ಊರುಗಳ ಶ್ರೀವೈಷ್ಣವರ ನಡುವೆ ಬಳಕೆ ಇತ್ತು ಎಂಬುದಕ್ಕೆ ಖಂಡಿತ ಸಾಕ್ಷಿ. ಆದರೆ ಅಂಥ ಬಳಕೆ ರಾಮಾನುಜರ ಕಾಲದಿಂದಲೂ ಇದ್ದದ್ದೇ ಆದುದರಿಂದ, ಮೂರ್ತಿ ಅಲ್ಲಿ ತಂಗಿತ್ತು ಎಂಬುದನ್ನು ಅದೊಂದರಿಂದಲೇ ಸಾಧಿಸಲಾಗದು.

ಕಾವ್ಯಾಭ್ಯಾಸಿ

ಶಾಸನ ಮತ್ತು ಸಂಪ್ರದಾಯಗಳ ನಡುವೆ ಮೂರನೆಯ ಸಾಕ್ಷಿಯೊಂದಿದೆ, ಅದನ್ನು ಯಾರೂ ಪ್ರಸ್ತಾಪಿಸಲಿಲ್ಲ. ಕುಮಾರ ಕಂಪಣನ ಪತ್ನಿ ಗಂಗಾದೇವಿ ತನ್ನ ಗಂಡನ ದಂಡಯಾತ್ರೆಯನ್ನು ಕುರಿತು ಬರೆದ ‘ಮಧುರಾವಿಜಯ’ ಸಂಸ್ಕೃತ ಕಾವ್ಯ ಅದೇ ಕಾಲದ್ದು. ಅದರಲ್ಲಿ ಹಾಳುಬಿದ್ದ ದಕ್ಷಿಣದ ದೇವಾಲಯಗಳನ್ನು ವರ್ಣಿಸುವಾಗ ಆಕೆ ಶ್ರೀರಂಗವನ್ನು ಹೆಸರಿಸುತ್ತಾಳೆ. ಯೋಗನಿದ್ರೆಯಲ್ಲಿರುವ ಹರಿಗೆ ಎಚ್ಚರವಾಗಿಬಿಟ್ಟೀತು ಎಂಬ ಅಳುಕಿನಿಂದ, ಮೇಲಿನಿಂದ ಮತ್ತೆ ಮತ್ತೆ ಉದುರುತ್ತಿರುವ ಇಟ್ಟಿಗೆಗಳನ್ನು ಆದಿಶೇಷನು ತನ್ನ ಹೆಡೆಗಳಿಂದ ತಡೆಯುತ್ತಿದ್ದಾನೆ ಎಂಬುದು ಆ ಶ್ಲೋಕದ ಭಾವ. ಉತ್ಪ್ರೇಕ್ಷೆ ಕವಿಯದು. ಇಟ್ಟಿಗೆ ಉದುರುತ್ತಿದ್ದದ್ದು, ದುರಸ್ತಿ ಮಾಡುವವರಿಲ್ಲದೆ ಗರ್ಭಗುಡಿ ಶಿಥಿಲವಾಗಿದ್ದದ್ದು ಮಾತ್ರ ಆ ತಲೆಮಾರಿನವರು ಕಂಡು ಕೇಳಿದ ವಾಸ್ತವ. ಉತ್ಸವಮೂರ್ತಿ ಊರು ಬಿಟ್ಟು ಹೋಗಿದ್ದರೂ ಮೂಲಮೂರ್ತಿ ಅಲ್ಲಿಯೇ ಇತ್ತೆಂಬ ಸಂಪ್ರದಾಯದ ಮಾತಿಗೂ ಈ ಚಿತ್ರ ಹೊಂದಿಕೊಳ್ಳುತ್ತದೆ.

ಕಾವೇರಿತೀರ

ಕಾವ್ಯಾಭ್ಯಾಸಿ ಅವರಿಗೆ ವಿಶೇಷ ಧನ್ಯವಾದಗಳು. ಈ 48 ವರ್ಷಗಳಲ್ಲಿ ಮೂರ್ತಿಯನ್ನು ಮರಳಿ ತರಲು ಹೊಯ್ಸಳರಿಂದ ಯಾವ ಪ್ರಯತ್ನವೂ ಆಗಲಿಲ್ಲವೇ? ಶ್ರೀರಂಗದ ಎದುರಿನ ಕಣ್ಣನೂರು ಅವರ ರಾಜಧಾನಿಯೇ ಆಗಿತ್ತಲ್ಲವೇ?

ಶಾಸನಾಸಕ್ತ

ಆಗಿತ್ತು. ಇಂದಿನ ಸಮಯಪುರದ ಬಳಿ, ಕೊಳ್ಳಿಡಂ ನದಿಯ ಉತ್ತರಕ್ಕೆ ಇರುವ ಕಣ್ಣನೂರಿನಲ್ಲಿ ವೀರ ಸೋಮೇಶ್ವರನು 13ನೆಯ ಶತಮಾನದಲ್ಲಿ ನೆಲೆಯೂರಿ ಪೊಯ್ಸಳೇಶ್ವರ ಗುಡಿಯನ್ನು ಕಟ್ಟಿಸಿದನು. ಜನರ ಬಾಯಲ್ಲಿ ಅದು ಇಂದು ಭೋಜೇಶ್ವರ ಗುಡಿಯಾಗಿದೆ. ಆ ಕಣ್ಣನೂರನ್ನು ಗೆದ್ದುಕೊಂಡ ಜಟಾವರ್ಮ ಸುಂದರ ಪಾಂಡ್ಯನು ರಂಗವಿಮಾನಕ್ಕೆ ಚಿನ್ನ ಹೊದಿಸಿ ಹೇಮಾಚ್ಛಾದನರಾಜನೆಂಬ ಬಿರುದು ಪಡೆದನು. ಅವನು ಕಾವೇರಿಯಲ್ಲಿ ಎರಡು ದೋಣಿ ಕಟ್ಟಿಸಿ, ಒಂದರಲ್ಲಿ ತಾನು ಪಟ್ಟದಾನೆಯೊಡನೆ ನಿಂತು, ಇನ್ನೊಂದು ದೋಣಿ ನೀರಿನಲ್ಲಿ ಅಷ್ಟೇ ಮುಳುಗುವ ತನಕ ಅದರಲ್ಲಿ ಚಿನ್ನ ತುಂಬಿಸಿ ಸ್ವಾಮಿಗೆ ಒಪ್ಪಿಸಿದನೆಂದು ಒಳುಗು ವರ್ಣಿಸುತ್ತದೆ. ಉತ್ತರದ ಸೈನ್ಯಗಳು ಅರಸಿ ಬಂದದ್ದು ಇಂಥ ಸಂಪತ್ತನ್ನೇ.

ನೀವು ಕೇಳಿದ ಕಾಲಕ್ಕೆ ಬಂದರೆ, ಮೂರನೆಯ ವೀರಬಲ್ಲಾಳನು ತನ್ನ ಮುಪ್ಪಿನಲ್ಲಿ ಮಧುರೆಯ ಸುಲ್ತಾನನ ವಿರುದ್ಧ ಹೋಗಿ ಕಣ್ಣನೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಗೆಲುವು ಕೈಗೆ ಬರುವ ಹೊತ್ತಿನಲ್ಲಿ ಸೆರೆಸಿಕ್ಕು 1342ರ ಸುಮಾರಿಗೆ ಕೊಲ್ಲಲ್ಪಟ್ಟನು. ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ತೂಗುಹಾಕಿದ್ದನ್ನು ಇಬ್ನ್ ಬತೂತ ದಾಖಲಿಸಿದ್ದಾನೆ. ಹೊಯ್ಸಳರ ಕೊನೆಯ ಪ್ರಬಲ ಅರಸ ಪ್ರಾಣ ಕೊಟ್ಟದ್ದು ಶ್ರೀರಂಗದ ಗೋಪುರಗಳಿಗೆ ಅಷ್ಟು ಸಮೀಪದಲ್ಲಿ ಎಂಬುದನ್ನು ನಮ್ಮ ಇತಿಹಾಸದ ಪಾಠಗಳಲ್ಲಿ ಇನ್ನಷ್ಟು ಒತ್ತಿ ಹೇಳಬೇಕಿತ್ತು. ಕಂಪಣನ ದಂಡಯಾತ್ರೆ ನಡೆದದ್ದು ಇದಾದ ಒಂದು ತಲೆಮಾರಿನ ನಂತರ.

ಪ್ರಬಂಧಾಭಿಮಾನಿ

ಮೂರ್ತಿ ಮರಳಿ ಬಂದ ಸಂದರ್ಭದ ಅಗಸನ ಕಥೆಯನ್ನು ತಿರುಚ್ಚಿಯ ಸೋದರಿ ಬರೆಯುವರೆಂದು ಕಾದಿದ್ದೆ. ಗುರುತಿಸುವ ಪ್ರಸಂಗವೇ ಒಟ್ಟು ಕಥೆಯ ಜೀವಾಳ.

ತಿರುಚ್ಚಿಯ ಕನ್ನಡತಿ

ಬರೆಯುತ್ತೇನೆ ಅಣ್ಣಾ. 48 ವರ್ಷಗಳಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು. ನಂಪೆರುಮಾಳರು ಇಲ್ಲದ ಕಾಲದಲ್ಲಿ ಶ್ರೀರಂಗದಲ್ಲಿ ಬೇರೊಂದು ಉತ್ಸವಮೂರ್ತಿಗೆ ಪೂಜೆ ನಡೆದಿತ್ತು. ಹೀಗಾಗಿ ಚೆಂಜಿಯಿಂದ ಮೂರ್ತಿ ಬಂದಾಗ ಇದೇ ಹಳೆಯ ಮೂರ್ತಿಯೆಂದು ಖಚಿತವಾಗಿ ಹೇಳಬಲ್ಲವರು ಸಿಗಲಿಲ್ಲ, ಊರಿನವರಲ್ಲಿ ವಿವಾದ ಹುಟ್ಟಿತು. ಆಗ ಹಣ್ಣುಹಣ್ಣು ಮುದುಕನಾದ, ಕಣ್ಣು ಕಾಣದ ಒಬ್ಬ ಅಗಸ ಮುಂದೆ ಬಂದನು. ಸ್ವಾಮಿಯ ತಿರುಮಂಜನದ ಒದ್ದೆಬಟ್ಟೆಗಳನ್ನು ಒಗೆಯುತ್ತಿದ್ದವನು ಅವನು. ಒಗೆಯುವ ಮುನ್ನ ಆ ಬಟ್ಟೆಯನ್ನು ಹಿಂಡಿ ಬಂದ ನೀರನ್ನು ತೀರ್ಥವಾಗಿ ಸೇವಿಸುವುದು ಅವನ ವಾಡಿಕೆಯಾಗಿತ್ತು. ಎರಡೂ ಮೂರ್ತಿಗಳಿಗೆ ತಿರುಮಂಜನ ಮಾಡಿಸಿ ಎರಡರ ಬಟ್ಟೆಗಳನ್ನೂ ಅವನ ಕೈಗೆ ಕೊಟ್ಟರು. ಒಂದನ್ನು ಹಿಂಡಿ ಕುಡಿದು ಸುಮ್ಮನಾದನು. ಇನ್ನೊಂದನ್ನು ಹಿಂಡಿ ಕುಡಿದೊಡನೆಯೇ ಕಸ್ತೂರಿಯ ಪರಿಮಳವನ್ನು ಗುರುತಿಸಿ, ಇವರೇ ನಮ್ಮ ಪೆರುಮಾಳ್ ಎಂದು ಕೂಗಿದನು. ಅಳಗಿಯ ಮಣವಾಳರ್ ಎಂದಿದ್ದ ಹೆಸರು ಆ ದಿನದಿಂದ ನಂಪೆರುಮಾಳ್ ಎಂದಾಯಿತೆಂದು ಇಲ್ಲಿ ಮಕ್ಕಳೂ ಹೇಳುತ್ತಾರೆ.

ವೆಳ್ಳೈ ಗೋಪುರದ ಕಥೆಯನ್ನೂ ಇದರೊಡನೆ ಸೇರಿಸಬೇಕು. ಸೈನ್ಯಾಧಿಪತಿಯನ್ನು ಮೂಡಣ ಗೋಪುರದ ತುದಿಗೆ ಕರೆದೊಯ್ದು, ಕೆಳಕ್ಕೆ ದೂಡಿ, ತಾನೂ ಧುಮುಕಿದ ವೆಳ್ಳಾಯಿ ಎಂಬ ದೇವದಾಸಿಯ ನೆನಪಿಗೆ ಆ ಗೋಪುರಕ್ಕೆ ಬಿಳಿಯ ಬಣ್ಣ ಬಳಿಯುತ್ತಾರೆ. ಸುತ್ತಲಿನ ಗೋಪುರಗಳೆಲ್ಲ ಬಣ್ಣಬಣ್ಣದವಾಗಿದ್ದರೂ, 1987ರಲ್ಲಿ ಪೂರ್ಣಗೊಂಡ 236 ಅಡಿಯ ರಾಜಗೋಪುರ ದಕ್ಷಿಣದಲ್ಲಿ ಎದ್ದು ನಿಂತಿದ್ದರೂ, ಪೂರ್ವದ ಈ ಗೋಪುರ ಇಂದಿಗೂ ಬೆಳ್ಳಗೇ ಇದೆ.

ಕಾವೇರಿತೀರ

ಅಗಸನ ಪ್ರಸಂಗಕ್ಕೆ ಶಾಸನದ ಆಧಾರವಿಲ್ಲವೆಂದು ಊಹಿಸಬಲ್ಲೆ. ಗುರುತಿಸಲ್ಪಡದ ಆ ಇನ್ನೊಂದು ಮೂರ್ತಿಯನ್ನು ಆಮೇಲೆ ಏನು ಮಾಡಿದರು?

ತಿರುಚ್ಚಿಯ ಕನ್ನಡತಿ

ಆ ಮೂರ್ತಿ ಎಲ್ಲಿಗೂ ಹೋಗಲಿಲ್ಲ. ತಿರುವರಂಗಮಾಳಿಗೈಯಾರ್ ಎಂಬ ಹೆಸರಿನಿಂದ ಇಂದಿಗೂ ಗುಡಿಯಲ್ಲಿಯೇ ಇದ್ದು ಪೂಜೆ ಪಡೆಯುತ್ತಿದೆ, ಉತ್ಸವಗಳ ಯಾಗಶಾಲೆಗೆ ಬಿಜಯಮಾಡಿಸುವ ಮೂರ್ತಿಯೂ ಅದೇ.

ಶಾಸನಾಸಕ್ತ

ಕಲ್ಲಿನಲ್ಲಿ ಬರೆದದ್ದನ್ನು ಮಾತ್ರ ನೆಚ್ಚುವ ನನಗೂ ಈ ವಿವರ ತೂಕದ್ದಾಗಿ ಕಾಣುತ್ತದೆ. ಕಸ್ತೂರಿಯ ಪರಿಮಳದ ಮಾತು ಭಕ್ತಿಯ ಅಲಂಕಾರವೇ ಇರಬಹುದು. ಆದರೆ ಎರಡು ಉತ್ಸವಮೂರ್ತಿಗಳಿದ್ದವು, ಅವುಗಳಲ್ಲಿ ಯಾವುದಕ್ಕೆ ಅಗ್ರಸ್ಥಾನ ಎಂಬ ಪ್ರಶ್ನೆ ಎದ್ದು ಇತ್ಯರ್ಥವಾಯಿತು ಎಂಬಷ್ಟನ್ನು ಗರ್ಭಗುಡಿಯ ವ್ಯವಸ್ಥೆಯೇ ದಾಖಲಿಸಿದೆ. ಕೇವಲ ಮಹಿಮೆ ಹೇಳಲು ಹುಟ್ಟಿದ ಕಥೆಯಾಗಿದ್ದರೆ, ತಮ್ಮ ಸ್ವಾಮಿಯ ಗುರುತಿನ ಬಗ್ಗೆ ಊರಿಗೇ ಅನುಮಾನ ಬಂದಿತ್ತೆಂಬ ಮಾತನ್ನು ಗುಡಿಯವರು ಅದರಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ.